ಮಡಕೆ ಎಷ್ಟು ಬೇಯಬೇಕು?

ಮಣ್ಣಿನ ಪಾತ್ರೆ ಕೊಳ್ಳುವಾಗ ಬೆರಳಿನಿಂದ ತಟ್ಟಿ ನೋಡುವ ರೂಢಿ ಹಳೆಯದು. ಸೀಳು ಬಿಟ್ಟಿದ್ದರೆ ದನಿ ಒಡೆಯುತ್ತದೆ, ಹಾಗಾಗಿ ಅದು ಒಳ್ಳೆಯ ಪರೀಕ್ಷೆಯೇ. ಆದರೆ ಠಣ್ಣೆಂದು ಮೊಳಗುವ ಪಾತ್ರೆಯೇ ಮೇಲು, ಮಂದ ದನಿಯದು ಅರೆಬೆಂದ ಕೀಳು ಮಾಲು ಎಂದು ತೀರ್ಮಾನಿಸುವುದು ತಪ್ಪು. ಈ ತಪ್ಪಿಗೆ ಸ್ಟುಡಿಯೊ ಕುಂಬಾರಿಕೆಯ ಪಾಲೂ ಇದೆ. ಬರ್ನಾರ್ಡ್ ಲೀಚ್ ಮತ್ತು ಜಪಾನಿನ ಶೋಜಿ ಹಮಾಡ 1920ರಲ್ಲಿ ಇಂಗ್ಲೆಂಡಿನ ಸೇಂಟ್ ಐವ್ಸ್‌ನಲ್ಲಿ ಆವಿಗೆ ಹೂಡಿದಾಗಿನಿಂದ, ದಿನಬಳಕೆಯ ಬಟ್ಟಲು ಹೂಜಿಗಳೂ ಶಿಲ್ಪದಷ್ಟೇ ಗಮನಕ್ಕೆ ತಕ್ಕವು ಎಂಬ ದೊಡ್ಡ ಮಾತನ್ನು ಆ ಪರಂಪರೆ ಹೇಳುತ್ತ ಬಂದಿದೆ. ಅದೇ ಪರಂಪರೆ ಚೀನಾ, ಕೊರಿಯಾ, ಜಪಾನಿನ ಸ್ಟೋನ್‌ವೇರನ್ನು ಆದರ್ಶವಾಗಿಟ್ಟುಕೊಂಡದ್ದರಿಂದ, 1,250 ಡಿಗ್ರಿ ಸೆಲ್ಸಿಯಸ್ಸಿನ ಆಚೀಚೆ ಬೆಂದದ್ದೇ ಪಕ್ವ, 800ರ ಆಸುಪಾಸಿನಲ್ಲಿ ಬೆಂದದ್ದು ಇನ್ನೂ ಅಲ್ಲಿಗೆ ತಲುಪದ್ದು ಎಂಬ ಭಾವನೆಯೂ ಬೇರೂರಿತು. ಬಳಕೆಯ ಪಾತ್ರೆಯ ಮಟ್ಟಿಗೆ ಇದು ನಿಲ್ಲುವ ವಾದವಲ್ಲ. ಅಡುಗೆಗೂ ನೀರು ತಣಿಸುವುದಕ್ಕೂ ಕಡಿಮೆ ಬೆಂದ ಮಣ್ಣೇ ಸರಿಯಾದ ವಸ್ತು, ಮತ್ತು ಅದಕ್ಕೆ ಕಾರಣ ಮಣ್ಣಿನ ಒಳರಚನೆಯಲ್ಲೇ ಇದೆ.

ಆವಿಗೆಯ ಬಿಸಿ ಸುಮಾರು 450ರಿಂದ 600 ಡಿಗ್ರಿಗೆ ಏರುವಾಗ ಜೇಡಿಯ ಖನಿಜಗಳೊಳಗೆ ರಾಸಾಯನಿಕವಾಗಿ ಸೆರೆಯಾಗಿದ್ದ ನೀರು ಹೊರಟುಹೋಗುತ್ತದೆ. ಅಲ್ಲಿಂದಾಚೆಗೆ ಅದು ಮತ್ತೆ ಕಲಸಿ ಮೆತ್ತಗೆ ಮಾಡಬಲ್ಲ ಮಣ್ಣಲ್ಲ. 900ರವರೆಗೂ ಕಣಗಳು ತಂತಮ್ಮ ಅಂಚುಗಳಲ್ಲಷ್ಟೇ ಬೆಸೆದುಕೊಳ್ಳುತ್ತವೆ, ನಡುವೆ ಲೆಕ್ಕವಿಲ್ಲದಷ್ಟು ರಂಧ್ರಗಳು ಉಳಿಯುತ್ತವೆ. 1,100 ದಾಟಿದ ಮೇಲೆ ಫೆಲ್ಡ್‌ಸ್ಪಾರಿನಂಥ ಖನಿಜಗಳು ಕರಗಿ ಗಾಜಾಗಿ ಆ ರಂಧ್ರಗಳನ್ನು ತುಂಬತೊಡಗುತ್ತವೆ, ಜೊತೆಗೆ ಮುಲೈಟ್ ಎಂಬ ಸೂಜಿಯಂಥ ಹರಳುಗಳು ಬೆಳೆದು ಒಡಲನ್ನು ಹೆಣೆಯುತ್ತವೆ. ಹೀಗೆ ಹುಟ್ಟಿದ ಸ್ಟೋನ್‌ವೇರ್ ಗಟ್ಟಿ, ನೀರು ಹೀರದು, ತಟ್ಟಿದರೆ ಮೊಳಗುತ್ತದೆ. ಅದನ್ನು ಒಲೆಯ ಮೇಲಿಟ್ಟರೆ ಮಾತ್ರ ಕಥೆ ತಿರುಗುತ್ತದೆ. ಉರಿ ತಾಗಿದ ತಳ ಹಿಗ್ಗುತ್ತದೆ. ಶಾಖ ನಿಧಾನವಾಗಿ ಹರಿಯುವುದರಿಂದ ಮೇಲಿನ ಗೋಡೆ ಇನ್ನೂ ತಣ್ಣಗಿರುತ್ತದೆ. ನಡುವೆ ಎಳೆದಾಟ ಹುಟ್ಟುತ್ತದೆ. ಗಟ್ಟಿಯಾದ ಗಾಜಿನ ಒಡಲು ಈ ಎಳೆತವನ್ನು ಬಹಳ ಹೊತ್ತು ತಡೆಯುತ್ತದೆ. ಆದರೆ ತಡೆದಷ್ಟೂ ಶಕ್ತಿ ಒಳಗೆ ಕೂಡಿಕೊಳ್ಳುತ್ತದೆ, ಬಿರುಕೊಂದು ಹೊರಟಿತೆಂದರೆ ಆ ಶಕ್ತಿಯೆಲ್ಲ ಅದನ್ನು ಅಂಚಿನಿಂದ ಅಂಚಿಗೆ ಓಡಿಸುತ್ತದೆ. ವಸ್ತುವಿಜ್ಞಾನಿ ಡಿ.ಪಿ.ಎಚ್. ಹಾಸೆಲ್‌ಮನ್ 1969ರಲ್ಲಿ ಈ ವಿಚಾರವನ್ನು ಗಣಿತಕ್ಕೆ ಇಳಿಸಿದರು: ಬಿರುಕು ಹುಟ್ಟದಂತೆ ತಡೆಯುವ ಗುಣವೂ ಹುಟ್ಟಿದ ಬಿರುಕು ಹಬ್ಬದಂತೆ ತಡೆಯುವ ಗುಣವೂ ಒಂದೇ ಅಲ್ಲ, ಹಲವು ಸಲ ಒಂದನ್ನು ಹೆಚ್ಚಿಸಿದರೆ ಇನ್ನೊಂದು ಕುಗ್ಗುತ್ತದೆ.

ಕುಂಬಾರರು ಜೇಡಿಗೆ ಮರಳು ಬೆರೆಸುವುದರ ಅರ್ಥ ಇಲ್ಲಿ ಬಿಚ್ಚಿಕೊಳ್ಳುತ್ತದೆ. ಮರಳಿನಲ್ಲಿರುವ ಕ್ವಾರ್ಟ್ಸ್ 573 ಡಿಗ್ರಿಯಲ್ಲಿ ತಟ್ಟನೆ ರೂಪ ಬದಲಿಸಿ ಹಿಗ್ಗುತ್ತದೆ, ತಣಿಯುವಾಗ ಅಷ್ಟೇ ತಟ್ಟನೆ ಕುಗ್ಗುತ್ತದೆ. ಪ್ರತಿ ಮರಳುಕಣದ ಸುತ್ತ ಕೂದಲೆಳೆಗಿಂತ ತೆಳುವಾದ ಬಿರುಕುಗಳು ಉಳಿಯುತ್ತವೆ. ಮೇಲ್ನೋಟಕ್ಕೆ ಇದು ದೋಷ. ಆದರೆ ಒಲೆಯ ಬಿಸಿಗೆ ಹೊರಟ ಹೊಸ ಬಿರುಕು ಇಂಥ ಕಣವನ್ನೋ ರಂಧ್ರವನ್ನೋ ಮುಟ್ಟಿದಾಗ ದಾರಿ ಕವಲೊಡೆದು, ಕಸುವು ಕಳೆದುಕೊಂಡು ಅಲ್ಲೇ ನಿಲ್ಲುತ್ತದೆ. ಮೈಕೇಲ್ ಟೈಟ್, ವಾಸಿಲಿಸ್ ಕಿಲಿಕೊಗ್ಲು ಮತ್ತು ಸಂಗಡಿಗರು ಪ್ರಾಚೀನ ಮಡಕೆಗಳ ಗುಣ ಅರಿಯಲು ನಡೆಸಿದ ಅಧ್ಯಯನಗಳು ತೋರಿಸಿದ್ದೂ ಇದನ್ನೇ. ಮರಳಿನ ಪಾಲು ಹೆಚ್ಚಿ, ಸುಡುವ ಬಿಸಿ ಕಡಿಮೆಯಿದ್ದರೆ ಮಡಕೆಯ ಬಲ ಇಳಿಯುತ್ತದೆ, ಒಡೆಯದೆ ತಾಳಿಕೊಳ್ಳುವ ಗುಣ ಏರುತ್ತದೆ. ಸಾರು ಕುದಿಸುವ ಗಡಿಗೆಗೆ ಬೇಕಾದದ್ದು ಈ ಎರಡನೆಯದು.

ಅದರ ಕೆಲಸಕ್ಕೆ ಬೇಕಾದ ಗುಣ ಯಾವುದು ಎಂಬ ಪ್ರಶ್ನೆಯನ್ನು ನೀರಿನ ಪಾತ್ರೆಗೂ ಕೇಳಬೇಕು. ಅದಕ್ಕೆ ನೈಜೀರಿಯಾದ ಅಬುಜಾದಲ್ಲಿ ನಡೆದದ್ದಕ್ಕಿಂತ ಸ್ಪಷ್ಟವಾದ ಉದಾಹರಣೆ ಇಲ್ಲ. ಲೀಚ್‌ರ ಶಿಷ್ಯ ಮೈಕೇಲ್ ಕಾರ್ಡ್ಯೂ 1950ರ ದಶಕದ ಆರಂಭದಲ್ಲಿ ಅಲ್ಲಿ ತರಬೇತಿ ಕೇಂದ್ರ ಕಟ್ಟಿದರು. 1954ರಲ್ಲಿ ಅಲ್ಲಿಗೆ ಬಂದ ಲಾಡಿ ಕ್ವಾಲಿ ಆಗಲೇ ನುರಿತ ಕುಂಬಾರಗಿತ್ತಿ. ತಿಗರಿಯಿಲ್ಲದೆ ಮಣ್ಣಿನ ಸುರುಳಿ ಪೇರಿಸಿ ದೊಡ್ಡ ಹರವಿಗಳನ್ನು ಎಬ್ಬಿಸಿ, ಮೈಮೇಲೆ ಹಲ್ಲಿ, ಚೇಳು, ಮೀನುಗಳನ್ನು ಗೀರುತ್ತಿದ್ದರು. ಅವರ ಊರಿನಲ್ಲಿ ಇಂಥ ಹರವಿಗಳು ಬಯಲು ಬೆಂಕಿಯಲ್ಲಿ ಬೇಯುತ್ತಿದ್ದವು. ಅಬುಜಾದಲ್ಲಿ ಅವಕ್ಕೆ ಮೆರುಗು ಬಳಿದು ಸ್ಟೋನ್‌ವೇರಿನ ಬಿಸಿಯಲ್ಲಿ ಸುಟ್ಟರು. ಹುಟ್ಟಿದ ಕೃತಿಗಳು ಅಪೂರ್ವ; ಲಂಡನ್ನಿನಲ್ಲಿ ಪ್ರದರ್ಶನಗೊಂಡವು, ಲಾಡಿ ಕ್ವಾಲಿಯವರ ಚಿತ್ರ ಇಂದು ನೈಜೀರಿಯಾದ 20 ನಾಯಿರಾ ನೋಟಿನ ಮೇಲಿದೆ. ಆ ಗೌರವ ಅವರಿಗೆ ಸಲ್ಲತಕ್ಕದ್ದೇ. ಆದರೆ ಹರವಿ ಮಾತ್ರ ತನ್ನ ಕೆಲಸ ಕಳೆದುಕೊಂಡಿತು. ಒಂದು ಲೀಟರ್ ನೀರಿನಿಂದ 10 ಮಿಲಿಲೀಟರ್ ಆವಿಯಾಗಿ ಹೋದರೆ ಅದು ಹೊತ್ತೊಯ್ಯುವ ಶಾಖ ಸುಮಾರು 24 ಕಿಲೋಜೂಲ್. ಹೊರಗಿನ ಶಾಖ ಒಳಬರದಿದ್ದರೆ ಉಳಿದ ನೀರನ್ನು ಸುಮಾರು 6 ಡಿಗ್ರಿ ತಣಿಸಲು ಅಷ್ಟು ಸಾಕು. ಮಡಕೆಯ ಗೋಡೆ ಬೆವರಿದರೆ ಮಾತ್ರ ಇದು ನಡೆಯುತ್ತದೆ, ಗಾಜಾದ ಗೋಡೆ ಬೆವರುವುದಿಲ್ಲ. ಬೆವರಿದರೂ ಗಾಳಿ ಒಣದಾಗಿರಬೇಕು. ಅದಕ್ಕೇ ಬೇಸಿಗೆಯ ಕಲಬುರಗಿಯಲ್ಲಿ ಚೆನ್ನಾಗಿ ತಣಿಸುವ ಮಡಕೆ ತೇವ ತುಂಬಿದ ಮಂಗಳೂರಿನಲ್ಲಿ ಅಷ್ಟು ತಣಿಸುವುದಿಲ್ಲ.

ಇಲ್ಲೊಂದು ಬಲವಾದ ಆಕ್ಷೇಪವಿದೆ. ಹಳ್ಳಿಯ ಕುಂಬಾರರು ಕಡಿಮೆ ಬಿಸಿಯಲ್ಲಿ ಸುಟ್ಟದ್ದು ಜಾಣ್ಮೆಯಿಂದಲ್ಲ, ಸೌದೆಯ ಕೊರತೆಯಿಂದ, ಒಳ್ಳೆಯ ಆವಿಗೆ ಇಲ್ಲದ್ದರಿಂದ. ಕೊರತೆಯನ್ನು ವಿವೇಕವೆಂದು ಹೊಗಳುವುದು ಸರಿಯೇ? ಕೊರತೆ ಇದ್ದದ್ದು ನಿಜ. ಆದರೆ ಯಾವ ಕೊರತೆಯೂ ಇಲ್ಲದ ಕಡೆ ಏನಾಯಿತೆಂದು ನೋಡಬೇಕು. ಜಗತ್ತಿಗೆ ಪಿಂಗಾಣಿ ಕಲಿಸಿದ ಚೀನೀಯರು ಒಲೆಯ ಮೇಲೆ ಇಡುತ್ತ ಬಂದದ್ದು ಒರಟು ಮರಳುಮಣ್ಣಿನ ಪಾತ್ರೆಯನ್ನು. ಸ್ಟೋನ್‌ವೇರಿನಲ್ಲಿ ಪಳಗಿದ ಜಪಾನಿನ ಇಗಾ ಪ್ರದೇಶದ ಕುಂಬಾರರು ಡೊನಾಬೆ ಎಂಬ ಅಡುಗೆಯ ಮಡಕೆಗೆ ಇಂದಿಗೂ ರಂಧ್ರಮಯ ಮಣ್ಣನ್ನೇ ಆರಿಸುತ್ತಾರೆ. ಆ ಮಣ್ಣು ಬಿವಾ ಸರೋವರದ ಪುರಾತನ ಪಾತ್ರದ್ದು. ಅದರೊಳಗಿನ ಸಸ್ಯಾವಶೇಷಗಳು ಆವಿಗೆಯಲ್ಲಿ ಉರಿದುಹೋಗಿ ಸೂಕ್ಷ್ಮ ರಂಧ್ರಗಳನ್ನು ಬಿಡುತ್ತವೆ. ಹೊಸ ಡೊನಾಬೆಯಲ್ಲಿ ಮೊದಲು ಅಕ್ಕಿಗಂಜಿ ಬೇಯಿಸುತ್ತಾರೆ. ನಮ್ಮಲ್ಲೂ ಹೊಸ ಗಡಿಗೆಯನ್ನು ಗಂಜಿನೀರಿನಿಂದ ಪಳಗಿಸುತ್ತಾರೆ. ಬಿಸಿಗೆ ಉಬ್ಬಿ ಅಂಟಾದ ಪಿಷ್ಟ ರಂಧ್ರಗಳಲ್ಲಿ ಕೂತು ಜಿನುಗನ್ನು ತಡೆಯುತ್ತದೆ.

ರಂಧ್ರವಿರುವ ಪಾತ್ರೆ ಎಣ್ಣೆ, ವಾಸನೆಗಳನ್ನು ಹೀರುತ್ತದೆ, ಚೊಕ್ಕಟವಾಗಿ ತೊಳೆಯಲು ಕಷ್ಟ ಎಂಬುದು ಇನ್ನೊಂದು ಆಕ್ಷೇಪ. ಅದನ್ನು ಪೂರ್ತಿ ಒಪ್ಪಬೇಕು. ಊಟದ ತಟ್ಟೆ, ಚಹಾದ ಬಟ್ಟಲು ಸ್ಟೋನ್‌ವೇರ್ ಆಗಿರುವುದೇ ಲೇಸು. ಉಪ್ಪಿನಕಾಯಿಯ ಭರಣಿಯಂತೂ ಗಾಜಾದ ಒಡಲಿನದೇ ಆಗಬೇಕು, ಇಲ್ಲವಾದರೆ ಉಪ್ಪು ರಂಧ್ರಗಳಿಗೆ ಇಳಿದು ಹರಳುಗಟ್ಟಿ ಗೋಡೆಯನ್ನೇ ಪುಡಿಮಾಡುತ್ತದೆ. ಕಡಿಮೆ ಬಿಸಿಯಲ್ಲಿ ಕರಗುವ ಮೆರುಗಿಗಾಗಿ ಶತಮಾನಗಳ ಕಾಲ ಸೀಸ ಬಳಸಿದ್ದು, ಹುಳಿ ಪದಾರ್ಥಕ್ಕೆ ಆ ಸೀಸ ಬಿಟ್ಟುಕೊಳ್ಳುವುದು, ಇವೂ ಮರೆಯಬಾರದ ಅಪಾಯಗಳು. ಆದರೆ ಅವು ಮೆರುಗಿನ ದೋಷಗಳು. ಮೆರುಗಿಲ್ಲದ ಮಡಕೆಯ ಮೇಲೆ ಹೊರಿಸಬಾರದು. ಗಟ್ಟಿಯಾಗಿಯೂ ಇದ್ದು ಉರಿಯನ್ನೂ ತಾಳುವ ಮಣ್ಣು ಸಾಧ್ಯವಿಲ್ಲವೆಂದೂ ಅಲ್ಲ. ಲಿಥಿಯಂ ಇರುವ ಪೆಟಲೈಟ್, ಸ್ಪಾಡ್ಯುಮೀನ್ ಖನಿಜಗಳನ್ನು ಬೆರೆಸಿದರೆ ಒಡಲು ಹಿಗ್ಗುವುದೇ ಬಹಳ ಕಡಿಮೆ. ಅಮೆರಿಕದ ಕೇರನ್ ಕಾರ್ನ್ಸ್ 1950ರ ದಶಕದ ಕೊನೆಯಿಂದ ಉರಿಗೆ ಒಡ್ಡಬಹುದಾದ ಮುಚ್ಚಳದ ಪಾತ್ರೆಗಳನ್ನು ಮಾಡಿ ಹೆಸರಾದರು. ಆದರೆ ಲಿಥಿಯಂ ಖನಿಜ ದುಬಾರಿ, ಪಾಕ ಕೊಂಚ ತಪ್ಪಿದರೂ ಮೆರುಗು ಒಡಲಿಗೆ ಹೊಂದದೆ ಸಿಡಿಯುತ್ತದೆ. ಕೆರೆಯ ಜೇಡಿ, ಹೊಳೆಯ ಮರಳಿನಿಂದ ಆಗುವ ಕೆಲಸಕ್ಕೆ ಅಷ್ಟು ಸುತ್ತುಬಳಸು ದಾರಿ ಎಲ್ಲರಿಗೂ ಬೇಕಿಲ್ಲ.

ಬೇಕಿರುವುದು ಮಾಡಿದವರು ಕೊಳ್ಳುವವರಿಗೆ ಕೊಡುವ ಖಚಿತ ಮಾಹಿತಿ. ಒಣ ಪಾತ್ರೆಯನ್ನು ತೂಗಿ, ಕೆಲವು ಗಂಟೆ ನೀರಿನಲ್ಲಿ ಕುದಿಸಿ, ಇಡೀ ದಿನ ಅದರಲ್ಲೇ ಬಿಟ್ಟು, ಮೈ ಒರೆಸಿ ಮತ್ತೆ ತೂಗಿದರೆ ಅದು ಎಷ್ಟು ನೀರು ಹೀರಿತೆಂಬುದು ತಿಳಿಯುತ್ತದೆ. ಇದಕ್ಕೆ ಪ್ರಯೋಗಾಲಯ ಬೇಡ. ಒಂದು ಒಳ್ಳೆಯ ತಕ್ಕಡಿ ಸಾಕು. ಆ ಶೇಕಡಾವಾರನ್ನೂ, ಪಾತ್ರೆ ಉರಿಗೋ ನೀರಿಗೋ ಊಟಕ್ಕೋ ಎಂಬುದನ್ನೂ ಬೆಲೆಚೀಟಿಯ ಮೇಲೆ ಬರೆದರೆ, ಕೊಳ್ಳುವವರು ದನಿ ಕೇಳಿ ಮೇಲು ಕೀಳು ನಿರ್ಧರಿಸುವ ಪ್ರಮೇಯ ಬರುವುದಿಲ್ಲ.