ಆರು ಮಿಲಿಮೀಟರ್ ಬೆಸುಗೆ, 123 ಸಾವು: ಕಡಲ ನಡುವಿನ ಬಿರುಕು ಹುಡುಕುವವರು ಯಾರು?

1980ರ ಮಾರ್ಚ್ 27ರ ಸಂಜೆ. ಉತ್ತರ ಸಮುದ್ರದಲ್ಲಿ ನಾರ್ವೆಗೆ ಸೇರಿದ ಎಕೋಫಿಸ್ಕ್ ತೈಲಕ್ಷೇತ್ರ. ಅಲ್ಲಿ ‘ಅಲೆಕ್ಸಾಂಡರ್ ಎಲ್. ಕೀಲ್ಯಾಂಡ್’ ಎಂಬ ತೇಲುವ ವೇದಿಕೆಯ ಮೇಲೆ 212 ಮಂದಿ ಇದ್ದರು. ತೈಲ ಬಾವಿ ಕೊರೆಯಲೆಂದು ಕಟ್ಟಿದ್ದ ಈ ರಿಗ್ ಅನ್ನು ಅಕ್ಕಪಕ್ಕದ ವೇದಿಕೆಗಳ ಕಾರ್ಮಿಕರು ಉಳಿದುಕೊಳ್ಳುವ ತಾಣವಾಗಿ ಬಳಸಲಾಗುತ್ತಿತ್ತು. ಪಾಳಿ ಮುಗಿಸಿದವರಲ್ಲಿ ಕೆಲವರು ಊಟ ಮಾಡ್ತಾ ಇದ್ದರು, ಕೆಲವರು ಸಿನಿಮಾ ನೋಡ್ತಾ ಕೂತಿದ್ದರು. ಆರೂವರೆ ಹೊತ್ತಿಗೆ ರಿಗ್‌ನ ಐದು ಕಾಲುಗಳಲ್ಲಿ ಒಂದು ಕಳಚಿಹೋಯಿತು. ಸುಮಾರು ಇಪ್ಪತ್ತು ನಿಮಿಷದಲ್ಲಿ ಇಡೀ ವೇದಿಕೆ ಮಗುಚಿತು. 123 ಮಂದಿ ಸತ್ತರು.

ಗಾಳಿ ಜೋರಾಗಿತ್ತು, ಅಲೆಗಳು ಆರರಿಂದ ಎಂಟು ಮೀಟರ್ ಎತ್ತರ ಇದ್ದವು. ಆದರೆ ಉತ್ತರ ಸಮುದ್ರಕ್ಕೆ ಅದು ಹೊಸದಲ್ಲ. ರಿಗ್ ಕೂಡ ಹಳೆಯದಲ್ಲ, 1976ರಲ್ಲಿ ನೀರಿಗಿಳಿದದ್ದು. ನಾಲ್ಕು ವರ್ಷವೂ ತುಂಬಿರಲಿಲ್ಲ. ಹಾಗಾದರೆ ಕೊಂದದ್ದು ಯಾವುದು?

ಎಂಜಿನಿಯರ್‌ಗಳು ಅದನ್ನು ‘ಫೆಟೀಗ್’ ಅಂತಾರೆ, ಅಂದರೆ ಲೋಹದ ದಣಿವು. ಕಟ್ಟಡದ ಕೆಲಸ ನೋಡಿದವರಿಗೆ ಇದು ಗೊತ್ತಿರುತ್ತೆ. ಬೈಂಡಿಂಗ್ ವೈರನ್ನು ಎಳೆದು ತುಂಡು ಮಾಡೋಕೆ ಆಗಲ್ಲ, ಆದರೆ ಅದೇ ಜಾಗದಲ್ಲಿ ಹತ್ತಾರು ಸಲ ಅತ್ತಿತ್ತ ಬಗ್ಗಿಸಿದರೆ ಪಟ್ಟಂತ ಮುರಿಯುತ್ತೆ. ಕಡಲಲ್ಲಿ ನಿಂತ ಉಕ್ಕನ್ನು ಅಲೆಗಳು ಹಾಗೆ ಬಗ್ಗಿಸುತ್ತಲೇ ಇರುತ್ತವೆ. ಆರು ಸೆಕೆಂಡಿಗೊಂದು ಅಲೆ ಅಂದುಕೊಂಡರೂ ವರ್ಷಕ್ಕೆ 50 ಲಕ್ಷ, 20 ವರ್ಷಕ್ಕೆ 10 ಕೋಟಿ. ಪ್ರತಿ ಅಲೆಯ ಹೊಡೆತ ಸಣ್ಣದು, ಆದರೆ ಬೆಸುಗೆಯ ಸಂದಿಯಲ್ಲಿ ಅದು ಹಲವು ಪಟ್ಟು ಹೆಚ್ಚಾಗಿ ಬೀಳುತ್ತದೆ. ಬಿರುಕು ಹುಟ್ಟುವುದೇ ಅಲ್ಲಿ.

ವಿನ್ಯಾಸ ಮಾಡುವವರು ಪ್ರತಿ ಸಂದಿಗೂ ಒಂದು ‘ಆಯಸ್ಸು’ ಲೆಕ್ಕ ಹಾಕುತ್ತಾರೆ. ಎಷ್ಟು ಎತ್ತರದ ಅಲೆಗಳು ಎಷ್ಟು ಬರಬಹುದು, ಒಂದೊಂದೂ ಎಷ್ಟು ಹಾನಿ ಮಾಡುತ್ತದೆ ಅಂತ ಕೂಡಿಸುತ್ತಾ ಹೋಗುತ್ತಾರೆ. ಕೂಡಿದ್ದು ಒಂದು ಮುಟ್ಟಿದರೆ ಆಯಸ್ಸು ಮುಗಿಯಿತು ಎಂದರ್ಥ. ಕೇಳೋಕೆ ಸರಳ. ಸಮಸ್ಯೆ ಏನಂದ್ರೆ, ಸಣ್ಣ ತಪ್ಪಿಗೂ ಇಲ್ಲಿ ದೊಡ್ಡ ಬೆಲೆ. ಒತ್ತಡ ಎರಡು ಪಟ್ಟಾದರೆ ಆಯಸ್ಸು ಅರ್ಧ ಆಗಲ್ಲ, ಹೆಚ್ಚುಕಡಿಮೆ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ನಿಜವಾದ ಒತ್ತಡ ಅಂದಾಜಿಗಿಂತ ಬರೀ ಶೇ. 20 ಹೆಚ್ಚಿದ್ದರೂ 20 ವರ್ಷ ಅಂದುಕೊಂಡದ್ದು ಹನ್ನೆರಡು ವರ್ಷವೂ ಬಾಳದು. ಅದಕ್ಕೇ ಮುರಿದರೆ ಅನಾಹುತವಾಗುವ, ಆದರೆ ತಪಾಸಣೆಗೆ ಕೈಗೆಟುಕದ ಸಂದಿಗಳಿಗೆ ಬೇಕಾದ ಆಯಸ್ಸಿನ ಹತ್ತು ಪಟ್ಟು ಇಟ್ಟುಕೊಂಡು ವಿನ್ಯಾಸ ಮಾಡಬೇಕು ಎಂದು ಇವತ್ತಿನ ನಾರ್ವೆ ಮಾನದಂಡ ಹೇಳುತ್ತದೆ.

ಕೀಲ್ಯಾಂಡ್‌ನಲ್ಲಿ ಬಿರುಕು ಹುಟ್ಟಿದ್ದು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳದ ಜಾಗದಲ್ಲಿ. ‘ಡಿ’ ಕಾಲನ್ನು ಹಿಡಿದಿದ್ದ ಆರು ಅಡ್ಡಕೊಳವೆಗಳಲ್ಲಿ ಒಂದಾದ ಡಿ-6ಕ್ಕೆ ತೂತು ಕೊರೆದು, ನೀರಿನೊಳಗಿನ ಸದ್ದು ಹಿಡಿಯುವ ಹೈಡ್ರೋಫೋನ್ ಕೂರಿಸಲು ಒಂದು ಸಣ್ಣ ಕೊಳವೆ ಬೆಸೆದಿದ್ದರು. ಬೆಸುಗೆಯ ಅಳತೆ ಆರು ಮಿಲಿಮೀಟರ್. ಅದು ಉಪಕರಣ ಹಿಡಿಯುವ ತುಂಡು, ರಚನೆಯ ಭಾಗ ಅಲ್ಲ ಎಂಬುದು ಎಲ್ಲರ ತಿಳುವಳಿಕೆ. ಉಕ್ಕಿಗೆ ಆ ತಿಳುವಳಿಕೆ ಇರಲಿಲ್ಲ! ತನಿಖೆಯಲ್ಲಿ ಬಿರುಕಿನ ಒಳಗೆ ಬಣ್ಣದ ಗುರುತು ಸಿಕ್ಕಿತು. ಅಂದರೆ ಹಡಗುಕಟ್ಟೆಯಲ್ಲಿ ಬಣ್ಣ ಬಳಿಯುವಾಗಲೇ ಬಿರುಕು ಇತ್ತು. ಅದು ಡಿ-6 ಸುತ್ತ ಹಬ್ಬಿ, ಕೊನೆಗೆ ಆ ಕೊಳವೆ ಮುರಿದಾಗ ಉಳಿದ ಐದೂ ಭಾರ ತಾಳದೆ ಒಂದಾದ ಮೇಲೊಂದು ತುಂಡಾದವು.

ಎಲ್ಲವನ್ನೂ ಆಗಾಗ ನೋಡಬಾರದಾ ಅಂತ ನೀವು ಕೇಳಬಹುದು. ನೋಡೋಕಾಗಲ್ಲ. ಒಂದು ವೇದಿಕೆಯಲ್ಲಿ ನೂರಾರು ಸಂದಿಗಳು. ಡೈವರ್ ಇಳಿಯಬೇಕು, ಪಾಚಿ ಚಿಪ್ಪು ಕೆರೆದು ತೆಗೆಯಬೇಕು, ಕಾಂತೀಯ ಪುಡಿ ಹಾಕಿ ಬಿರುಕು ಹುಡುಕಬೇಕು. ದುಬಾರಿ ಕೆಲಸ, ಡೈವರ್ ಜೀವಕ್ಕೂ ಅಪಾಯ. ಇನ್ನೊಂದು ದಾರಿ, ಗಾಳಿ ತುಂಬಿರಬೇಕಾದ ಕೊಳವೆಯೊಳಗೆ ನೀರು ನುಗ್ಗಿದೆಯಾ ಅಂತ ರಿಮೋಟ್ ವಾಹನದಿಂದ ಪರೀಕ್ಷಿಸುವುದು. ಅಗ್ಗ, ಬೇಗ. ಆದರೆ ನೀರು ನುಗ್ಗಿದೆ ಅಂದರೆ ಬಿರುಕು ಆಗಲೇ ಗೋಡೆ ತೂರಿಬಿಟ್ಟಿದೆ. ಒಂದು ಕೊಳವೆ ಹೋದರೂ ನಿಲ್ಲಬಲ್ಲ ರಚನೆಗೆ ಇದು ಸಾಕು. ಕೀಲ್ಯಾಂಡ್‌ನಂಥ ರಚನೆಗೆ ಸಾಲದು.

ಆದ್ದರಿಂದ ಆಯ್ಕೆ ಮಾಡಬೇಕು. ಎಲ್ಲಿ ಮುರಿಯುವ ಸಾಧ್ಯತೆ ಹೆಚ್ಚು, ಮುರಿದರೆ ಎಷ್ಟು ಜನ ಹೋಗ್ತಾರೆ ಅನ್ನುವ ಎರಡನ್ನೂ ಜೋಡಿಸಿ ತಪಾಸಣೆಯ ವೇಳಾಪಟ್ಟಿ ಮಾಡುತ್ತಾರೆ. ‘ಏನೂ ಸಿಗಲಿಲ್ಲ’ ಎಂಬ ವರದಿಯೂ ಒಂದು ಮಾಹಿತಿಯೇ, ಅದನ್ನು ಸೇರಿಸಿ ಮುಂದಿನ ತಪಾಸಣೆಯನ್ನು ದೂರ ತಳ್ಳಬಹುದು. ನನಗೆ ಹೆಚ್ಚು ಅನುಮಾನ ಇರುವುದು ಇಲ್ಲೇ. ಸರಿಯಾದ ವಿಧಾನದಿಂದ ಹುಡುಕಿಯೂ ಸಿಗದಿರುವುದು ಬೇರೆ, ಕ್ಯಾಮೆರಾ ಒಮ್ಮೆ ಆಡಿಸಿ ‘ಇಲ್ಲ’ ಎಂದು ಬರೆಯುವುದು ಬೇರೆ. ಕಾಗದದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಮುಂದೂಡಿದ ಪ್ರತಿ ತಪಾಸಣೆಯೂ ಕಂಪನಿಗೆ ಉಳಿತಾಯ. ಬಿರುಕನ್ನು ನೋಡದ ದಿನಗಳನ್ನು ಅದರ ಮೇಲೆ ಮಲಗುವವರೇ ಕಳೆಯಬೇಕು.

ಹಾಗಾಗಿ ಪಟ್ಟಿಯನ್ನು ಪ್ರಶ್ನಿಸುವ ಅಧಿಕಾರ ಯಾರ ಕೈಲಿದೆ ಅನ್ನುವುದು ಗಣಿತದಷ್ಟೇ ಮುಖ್ಯ. ನಾರ್ವೆಯಲ್ಲಿ ಕಾರ್ಮಿಕರ ಸುರಕ್ಷತಾ ಪ್ರತಿನಿಧಿಗೆ ಅಪಾಯ ಕಂಡರೆ ಕೆಲಸ ನಿಲ್ಲಿಸುವ ಕಾನೂನುಬದ್ಧ ಹಕ್ಕಿದೆ. 2004ರಲ್ಲಿ ಅಲ್ಲಿ ತೈಲ ಸಂಪತ್ತು ನೋಡಿಕೊಳ್ಳುವ ನಿರ್ದೇಶನಾಲಯದಿಂದ ಸುರಕ್ಷತಾ ಪ್ರಾಧಿಕಾರವನ್ನು ಬೇರೆ ಮಾಡಿದರು.

ನಮ್ಮಲ್ಲಿ? ಮುಂಬೈ ಹೈನಲ್ಲಿ ತೈಲ ಉತ್ಪಾದನೆ ಶುರುವಾಗಿದ್ದು 1976ರಲ್ಲಿ. ಅಲ್ಲಿ 25 ವರ್ಷದ ಆಯಸ್ಸಿಗೆ ಕಟ್ಟಿದ ಹಲವು ವೇದಿಕೆಗಳು ಆ ವಯಸ್ಸು ದಾಟಿ ದುಡಿಯುತ್ತಿವೆ. ದಾಟಿದ್ದೇ ತಪ್ಪಲ್ಲ. ಒಳ್ಳೆಯ ತಪಾಸಣಾ ದಾಖಲೆ ಇದ್ದರೆ ಆಯಸ್ಸು ವಿಸ್ತರಿಸಬಹುದು, ಜಗತ್ತಿನೆಲ್ಲೆಡೆ ಮಾಡ್ತಾರೆ. ಆದರೆ 2008ರ ನಿಯಮಗಳ ಪ್ರಕಾರ ಕಡಲ ತೈಲ ಸುರಕ್ಷತೆಯ ಉಸ್ತುವಾರಿ ಸಿಕ್ಕಿದ್ದು ತೈಲೋದ್ಯಮ ಸುರಕ್ಷತಾ ನಿರ್ದೇಶನಾಲಯಕ್ಕೆ. ಅದು ಪೆಟ್ರೋಲಿಯಂ ಸಚಿವಾಲಯದ ಕೆಳಗಿನ ಸಂಸ್ಥೆ. ಹೆಚ್ಚು ತೈಲ ತೆಗೆಯಬೇಕಾದ ಓಎನ್‌ಜಿಸಿಯೂ ಅದೇ ಸಚಿವಾಲಯದ ಕೆಳಗಿದೆ.

ಓಎನ್‌ಜಿಸಿ ಸಾರ್ವಜನಿಕ ಸಂಸ್ಥೆ, ಮಾಹಿತಿ ಹಕ್ಕು ಕಾಯ್ದೆ ಅದಕ್ಕೂ ಅನ್ವಯಿಸುತ್ತದೆ. ಅರ್ಜಿ ಹಾಕುವವರು ‘ತಪಾಸಣೆ ಆಗಿದೆಯೇ?’ ಅಂತ ಕೇಳಿ ಕೈತೊಳೆದುಕೊಳ್ಳಬೇಡಿ. ‘ಹೌದು’ ಎಂಬ ಒಂದು ಪದದ ಉತ್ತರ ಬರುತ್ತದೆ. ಯಾವ ಸಂದಿಗಳು, ಯಾವ ವಿಧಾನದಲ್ಲಿ, ಎಷ್ಟು ತಪಾಸಣೆಗಳನ್ನು ಮುಂದೂಡಲಾಗಿದೆ, ಮುಂದೂಡಿಕೆಗೆ ಸಹಿ ಹಾಕಿದ್ದು ಯಾವ ಹುದ್ದೆಯವರು ಅಂತ ಕೇಳಿ.