ಮರಗಸಿಗೆ ಹಗುರವಾದ ಗರಗಸ

ಕಾಫಿ ಗಿಡಕ್ಕೆ ನೆರಳು ಬೇಕು. ಆದರೆ ಆ ನೆರಳು ದಟ್ಟವಾದಂತೆಲ್ಲ ಗಾಳಿ ಬೆಳಕುಗಳ ಸಂಚಾರ ಕುಗ್ಗಿ, ಮಳೆಗಾಲದ ತೇವದಲ್ಲಿ ಕೊಳೆರೋಗಕ್ಕೆ ಅವಕಾಶವಾಗುತ್ತದೆ. ಆದುದರಿಂದಲೇ ಕೊಡಗು, ಚಿಕ್ಕಮಗಳೂರು, ಸಕಲೇಶಪುರಗಳ ಬೆಳೆಗಾರರು ಮುಂಗಾರಿಗೆ ಮುನ್ನ ನೆರಳುಮರಗಳ ಕೊಂಬೆ ಸವರುವ ಮರಗಸಿ ಮಾಡಿಸುತ್ತಾರೆ. ಕತ್ತಿ ಹಿಡಿದು ಸಿಲ್ವರ್ ಓಕ್, ಅತ್ತಿ, ಹಲಸುಗಳ ನೆತ್ತಿಗೇರುತ್ತಿದ್ದ ಕಸುಬುದಾರರ ಕೈಗೆ ಈಗ ಹಗುರವಾದ ಚೈನ್‌ಸಾ ಬಂದಿದೆ. ಇದು ಸಂತೋಷದ ಸಂಗತಿಯೇ. ಆದರೆ ಯಂತ್ರದ ಹಲ್ಲಿನ ಗುಣವನ್ನು ವಿಚಾರಿಸದೆ, ಬೆಲೆಯನ್ನೂ ತೂಕವನ್ನೂ ಮಾತ್ರ ನೋಡಿ ಅದನ್ನು ಕೊಳ್ಳುವ ರೂಢಿ ಚಿಂತೆಗೆ ಕಾರಣವಾಗಿದೆ.

ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ 1926ರಲ್ಲಿ ನಿರ್ಮಿಸಿದ ವಿದ್ಯುತ್ ಗರಗಸವನ್ನು ಹಿಡಿಯಲು ಇಬ್ಬರು ಬೇಕಾಗಿತ್ತು. ಅಂದಿನ ಸರಪಳಿಗಳ ಹಲ್ಲುಗಳು ಕೈಗರಗಸದಂತೆ ಮರವನ್ನು ಗೀರಿ ಪುಡಿಮಾಡುತ್ತಿದ್ದವು. 1946ರಲ್ಲಿ ಅಮೆರಿಕದ ಆರೆಗಾನ್ ಪ್ರಾಂತದಲ್ಲಿ ಮರ ಕಡಿಯುತ್ತಿದ್ದ ಜೋಸೆಫ್ ಕಾಕ್ಸ್ ಎಂಬಾತನು, ಕೊರಡೊಂದರೊಳಗೆ ದುಂಬಿಯ ಮರಿಹುಳು ತನ್ನ ಜೋಡಿ ದವಡೆಗಳನ್ನು ಎಡಕ್ಕೂ ಬಲಕ್ಕೂ ಆಡಿಸುತ್ತ, ಮರದ ಎಳೆಗೆ ಅಡ್ಡವಾಗಿಯೂ ಉದ್ದವಾಗಿಯೂ ಸಲೀಸಾಗಿ ಕೊರೆಯುತ್ತಿದ್ದುದನ್ನು ಗಮನಿಸಿದನು. ಮರುವರ್ಷವೇ ಆತನು ಎಡಬಲಗಳಿಗೆ ಸರದಿಯಂತೆ ಬಾಗಿದ ಹಲ್ಲುಗಳ ಸರಪಳಿಯನ್ನು ತಯಾರಿಸತೊಡಗಿದನು. ಇಂದಿನ ಸರಪಳಿಗಳೆಲ್ಲ ಬಹುಮಟ್ಟಿಗೆ ಅದರ ಸಂತತಿಯೇ. ಈ ಹಲ್ಲು ಮರವನ್ನು ಉಜ್ಜುವುದಿಲ್ಲ, ಉಳಿಯಂತೆ ಎಬ್ಬಿಸಿ ತೆಗೆಯುತ್ತದೆ. ಅದು ಎಷ್ಟು ಆಳಕ್ಕೆ ಕಚ್ಚಬೇಕೆಂಬುದನ್ನು ಅದರ ಮುಂದಿರುವ ಸಣ್ಣ ಗುಬಟು ನಿರ್ಧರಿಸುತ್ತದೆ.

ಮರಗಸಿಗೆ ಸಾಮಾನ್ಯವಾಗಿ 25ರಿಂದ 35 ಸಿಸಿ ಎಂಜಿನ್ನೂ ಸರಪಳಿ ಸುತ್ತಿ ಓಡುವ 10ರಿಂದ 14 ಅಂಗುಲದ ಪಟ್ಟಿಯೂ ಸಾಕು. ಮೂರು ನಾಲ್ಕು ಕಿಲೋ ಎಂದು ಅಂಗಡಿಯಲ್ಲಿ ಹೇಳುವ ತೂಕ ಪಟ್ಟಿ, ಸರಪಳಿ, ಪೆಟ್ರೋಲುಗಳನ್ನು ಬಿಟ್ಟು ಹೇಳಿದ್ದಾಗಿರಬಹುದು. ಎಲ್ಲವನ್ನೂ ಜೋಡಿಸಿ ಎತ್ತಿ ನೋಡಿಯೇ ಕೊಳ್ಳತಕ್ಕದ್ದು. ಅಗತ್ಯಕ್ಕಿಂತ ಉದ್ದವಾದ ಪಟ್ಟಿ ತುದಿಯಲ್ಲಿ ಭಾರ ಹೆಚ್ಚಿಸಿ ಮಣಿಕಟ್ಟನ್ನು ದಣಿಸುವುದಲ್ಲದೆ ಬೇರೆ ಪ್ರಯೋಜನವಿಲ್ಲ. ಮೇಲ್ಹಿಡಿಯ ಯಂತ್ರ ಹಗ್ಗ ಕಟ್ಟಿಕೊಂಡು ಮರವೇರುವ ಪಳಗಿದವರಿಗೆ ಮಾತ್ರ. ನೆಲದ ಮೇಲೆ ನಿಂತು ಕೊಯ್ಯುವವರು ಹಿಂಬದಿ ಹಿಡಿಯದನ್ನೇ ಆರಿಸಿಕೊಳ್ಳಬೇಕು.

ಹಗುರತನಕ್ಕೆ ತೆರಬೇಕಾದ ಬೆಲೆಯೊಂದುಂಟು. ಪಟ್ಟಿಯ ಮೂತಿಯ ಮೇಲ್ಭಾಗ ಯಾವುದಾದರೂ ಕೊಂಬೆಗೆ ತಾಗಿದರೆ, ಅಲ್ಲಿ ಮುಂದಕ್ಕೂ ಕೆಳಕ್ಕೂ ಧಾವಿಸುತ್ತಿರುವ ಹಲ್ಲು ಮರಕ್ಕೆ ಸಿಕ್ಕಿಕೊಂಡು, ಅದರ ಪ್ರತಿಕ್ರಿಯೆಯಿಂದ ಯಂತ್ರವೇ ಹಿಡಿದವನ ಮುಖದ ಕಡೆಗೆ ಹಾರುತ್ತದೆ. ಜಡತ್ವ ಕಡಮೆಯಾದಷ್ಟೂ ಈ ಹಾರಿಕೆ ಶೀಘ್ರವಾಗುವುದು. ಆಗ ಸರಪಳಿಯನ್ನು ತಟ್ಟನೆ ನಿಲ್ಲಿಸುವ ಚೈನ್ ಬ್ರೇಕ್ ಇಲ್ಲದ ಅಥವಾ ಅದು ಕೆಟ್ಟಿರುವ ಯಂತ್ರವನ್ನು ಮುಟ್ಟಲೇಬಾರದು. ಒಂದೇ ಕೈಯಲ್ಲಿ ಹಿಡಿದು ಕೊಯ್ಯುವುದಂತೂ ಸರ್ವಥಾ ವರ್ಜ್ಯ.

ಇನ್ನು ಹಲ್ಲಿನ ಹರಿತ. ಹರಿತವಾದ ಸರಪಳಿ ಮರದಿಂದ ಚಕ್ಕೆಗಳನ್ನು ಉದುರಿಸುತ್ತದೆ. ಮೊಂಡಾದದ್ದು ಹಿಟ್ಟಿನಂಥ ಪುಡಿಯನ್ನು. ಪುಡಿ ಕಂಡ ಮೇಲೂ ಯಂತ್ರವನ್ನು ಒತ್ತಿ ಕೊಯ್ಯುವವನು ಎಂಜಿನ್ನನ್ನೂ ತನ್ನ ತೋಳನ್ನೂ ಒಟ್ಟಿಗೆ ಸವೆಯಿಸುತ್ತಾನೆ. ಹಗುರವಾದ ಯಂತ್ರ ಕೊಂಡುದರ ಫಲವೆಲ್ಲ ಅಲ್ಲಿ ನಷ್ಟವಾಗುತ್ತದೆ. ಸಣ್ಣ ಗರಗಸಗಳಲ್ಲಿ ಬಹಳವಾಗಿ ಕಾಣುವ 3/8 ಅಂಗುಲದ ತಗ್ಗು (ಲೋ ಪ್ರೊಫೈಲ್) ಸರಪಳಿಗೆ ನಾಲ್ಕು ಮಿಲಿಮೀಟರಿನ ದುಂಡು ಅರ ಹೊಂದುತ್ತದೆ. ಪಟ್ಟಿಗೆ ಅಡ್ಡಗೆರೆಯಿಂದ ಸುಮಾರು 30 ಡಿಗ್ರಿ ಓರೆಯಾಗಿ, ಒಳಗಿನಿಂದ ಹೊರಕ್ಕೆ ಮಾತ್ರ, ಪ್ರತಿ ಹಲ್ಲಿಗೂ ಎಣಿಕೆ ತಪ್ಪದೆ ಅಷ್ಟಷ್ಟೇ ಸಲ ಉಜ್ಜಬೇಕು. ಎಡಬಲಗಳು ಅಸಮವಾದರೆ ಗರಗಸ ಒಂದು ಕಡೆಗೆ ಎಳೆಯುತ್ತದೆ. ಹಲ್ಲು ಸವೆದಂತೆ ಮುಂದಿನ ಗುಬಟನ್ನೂ ತಗ್ಗಿಸಿ, ಎರಡರ ಎತ್ತರದ ಅಂತರವನ್ನು ಸುಮಾರು 0.65 ಮಿಲಿಮೀಟರಿಗೆ ತರಬೇಕು. ಇದಕ್ಕಿಂತ ಹೆಚ್ಚು ತಗ್ಗಿಸಿದರೆ ಹಲ್ಲು ಅತಿಯಾಗಿ ಕಚ್ಚಿ, ಹಿಂದೆ ಹೇಳಿದ ಹಾರಿಕೆಯ ಅಪಾಯ ಹೆಚ್ಚುತ್ತದೆ.

ಸರಪಳಿಗೆ ಅದರದೇ ಎಣ್ಣೆ ಬೇಕು. ಬಳಸಿ ಬಿಸುಟ ಎಂಜಿನ್ ಆಯಿಲನ್ನು ಸುರಿಯುವ ದುರಭ್ಯಾಸದಿಂದ ಅದರೊಳಗಿನ ಲೋಹದ ಕಣಗಳು ಪಂಪನ್ನು ಸವೆಸುತ್ತವೆ, ಉಳಿದುದು ತೋಟದ ಮಣ್ಣಿಗೆ ಸೇರುತ್ತದೆ. ತಯಾರಕರು ಐವತ್ತಕ್ಕೊಂದರ ಮಿಶ್ರಣವನ್ನು ಹೇಳಿದ್ದಲ್ಲಿ ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್ ಟೂಟಿ ಆಯಿಲ್; ಎಥನಾಲ್ ಬೆರೆತ ಇಂದಿನ ಪೆಟ್ರೋಲು ತೇವವನ್ನು ಹೀರುವುದರಿಂದ, ಕೆಲಸ ಮುಗಿದ ಮೇಲೆ ಟ್ಯಾಂಕು ಬರಿದು ಮಾಡಿಡುವುದು ಲೇಸು. ಬಿಸಿಯಲ್ಲಿ ಹಿಗ್ಗಿದ್ದಾಗ ಬಿಗಿದ ಸರಪಳಿ ತಣಿದಾಗ ಕುಗ್ಗಿ ಪಟ್ಟಿಯನ್ನು ಹಿಂಡುತ್ತದೆ. ಸಂಜೆ ಅದನ್ನು ಸಡಿಲಿಸಿ, ಪಟ್ಟಿಯನ್ನು ಆಗಾಗ ಮಗುಚಿ ಹಾಕಬೇಕು.

ಮರದ ಹಿತವನ್ನೂ ಮರೆಯತಕ್ಕದ್ದಲ್ಲ. ಗಾಯಗೊಂಡ ಭಾಗವನ್ನು ಮರ ಮನುಷ್ಯನ ಚರ್ಮದಂತೆ ಮಾಯಿಸಿಕೊಳ್ಳದೆ, ಸುತ್ತ ಗೋಡೆ ಕಟ್ಟಿ ಪ್ರತ್ಯೇಕಿಸುತ್ತದೆಂಬುದನ್ನು ಅಮೆರಿಕದ ಅರಣ್ಯವಿಜ್ಞಾನಿ ಅಲೆಕ್ಸ್ ಶೈಗೊ 1970ರ ದಶಕದಲ್ಲಿ ಪ್ರತಿಪಾದಿಸಿದರು. ಕೊಂಬೆಯ ಬುಡದಲ್ಲಿ ಕಾಣುವ ಉಬ್ಬಿದ ಕೊರಳಿನ ಭಾಗವೇ ಆ ರಕ್ಷಣೆಯ ನೆಲೆ. ಅದನ್ನು ಕಾಂಡಕ್ಕೆ ಸಮನಾಗಿ ಸವರಿ ಹಾಕಬಾರದು, ಮೋಟನ್ನೂ ಉಳಿಸಬಾರದು. ದಪ್ಪ ಕೊಂಬೆಗೆ ಮೊದಲು ಕಾಂಡದಿಂದ ಅಡಿಯಷ್ಟು ದೂರದಲ್ಲಿ ಕೆಳಗಿನಿಂದ ಅರೆಗೀರು, ಅದರಾಚೆ ಮೇಲಿನಿಂದ ಪೂರ್ಣ ಕೊಯ್ತ, ಕಡೆಗೆ ಕೊರಳಿನ ಹೊರಗೆ ಮೋಟಿನ ವಿಸರ್ಜನೆ. ಹೀಗೆ ಮಾಡಿದರೆ ತೊಗಟೆ ಕಾಂಡದುದ್ದಕ್ಕೂ ಸಿಗಿಯುವುದಿಲ್ಲ.

ಗರಗಸ ಕೊಳ್ಳುವ ದಿನವೇ ಒಂದು ಹೆಚ್ಚಿನ ಸರಪಳಿ, ಅದಕ್ಕೊಪ್ಪುವ ಅರ, ಹೆಲ್ಮೆಟ್, ಕಿವಿಮುಚ್ಚಿಗೆ, ಕಾಲಿನ ರಕ್ಷಾಕವಚಗಳನ್ನೂ ಕೊಳ್ಳಿರಿ. ಮರವೇರುವ ಆಳಿಗೆ ಈ ರಕ್ಷಣಾಸಾಧನಗಳನ್ನು ತೊಡಿಸಿ, ಸಮೀಪದ ವಿದ್ಯುತ್ ತಂತಿಯ ಸರಬರಾಜು ನಿಲ್ಲಿಸಿದ ನಂತರವೇ ಕೆಲಸಕ್ಕೆ ಕಳುಹಿಸಿರಿ.