ಮೇಘಗಣನೆ ಮತ್ತು ಉದ್ಯಮಿಯ ಹೊಣೆ

ಕ್ಲೌಡ್ ಕಂಪ್ಯೂಟಿಂಗ್, ಅರ್ಥಾತ್ ಮೇಘಗಣನೆ, ಎಂಬ ಹೆಸರಿನಲ್ಲಿ ಮೋಡವಿದ್ದರೂ ಅದರ ಯಂತ್ರಗಳು ಇರುವುದು ನೆಲದ ಮೇಲಿನ ಕಟ್ಟಡಗಳಲ್ಲಿಯೇ. ಸಾವಿರಾರು ಗಣಕಯಂತ್ರಗಳನ್ನು ಒಂದೆಡೆ ಕೂಡಿಸಿ, ಅವುಗಳ ಶಕ್ತಿಯನ್ನೂ ಸಂಗ್ರಹಸ್ಥಳವನ್ನೂ ಅಂತರ್ಜಾಲದ ಮೂಲಕ ಬಾಡಿಗೆಗೆ ಒದಗಿಸುವ ವ್ಯವಸ್ಥೆಯಿದು. ದೂರವಾಣಿಯಂತೆ ಗಣನಶಕ್ತಿಯೂ ಒಂದು ದಿನ ಸಾರ್ವಜನಿಕ ಸೌಕರ್ಯವಾಗಬಹುದೆಂದು ಅಮೆರಿಕದ ವಿಜ್ಞಾನಿ ಜಾನ್ ಮೆಕಾರ್ಥಿ 1961ರಲ್ಲಿಯೇ ನುಡಿದಿದ್ದರು. 2006ರಲ್ಲಿ ಅಮೆಜಾನ್ ಸಂಸ್ಥೆಯು ಇಂಥ ಸೇವೆಗಳನ್ನು ಮಾರುಕಟ್ಟೆಗೆ ತಂದ ತರುವಾಯ ಆ ಮಾತು ದಿನಬಳಕೆಯ ಸಂಗತಿಯಾಗತೊಡಗಿತು.

ಉದ್ಯಮಿಗೆ ಇದರಿಂದಾಗುವ ಅನುಕೂಲ ಸ್ಪಷ್ಟವಾದುದು. ಯಂತ್ರಗಳನ್ನು ಕೊಳ್ಳಲು ಮೊದಲೇ ಬಂಡವಾಳ ತೊಡಗಿಸಬೇಕಾಗಿಲ್ಲ. ಬಳಸಿದಷ್ಟಕ್ಕೆ ಹಣ ತೆತ್ತರೆ ಸಾಕು. ದೀಪಾವಳಿಯ ವ್ಯಾಪಾರಕ್ಕೆಂದು ಹತ್ತು ಯಂತ್ರಗಳನ್ನು ಪಡೆದ ಜವಳಿ ವರ್ತಕನು ಹಬ್ಬ ಕಳೆದೊಡನೆ ಎಂಟನ್ನು ಹಿಂದಿರುಗಿಸಬಹುದು.

ಆದರೆ ಬಾಡಿಗೆಯ ಯಂತ್ರವಿರುವ ಕಟ್ಟಡಕ್ಕೂ ಬೆಂಕಿ ತಗುಲಬಹುದು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಓವಿಎಚ್ ಸಂಸ್ಥೆಯ ಐದು ಅಂತಸ್ತಿನ ದತ್ತಾಂಶ ಕೇಂದ್ರವೊಂದು ಬೆಂಕಿಗೆ ಆಹುತಿಯಾಯಿತು. ಪ್ರಾಣಹಾನಿಯಾಗಲಿಲ್ಲ. ದಾಖಲೆಗಳ ಪ್ರತಿಯನ್ನು ಬೇರೆಡೆ ಇರಿಸಿದ್ದವರು ಮತ್ತೆ ಕಾರ್ಯಾರಂಭ ಮಾಡಿದರು. ಇರಿಸದಿದ್ದ ಅನೇಕರು ಅವುಗಳನ್ನು ಶಾಶ್ವತವಾಗಿ ಕಳೆದುಕೊಂಡರು. ಪ್ರತಿ ತೆಗೆದಿಡುವ ಕಾರ್ಯವು ಬಾಡಿಗೆಯಲ್ಲಿ ತಾನಾಗಿ ಸೇರಿರುವುದಿಲ್ಲ. ಅನೇಕ ವೇಳೆ ಅದನ್ನು ಪ್ರತ್ಯೇಕವಾಗಿ ಕೇಳಿ ಪಡೆಯಬೇಕಾಗುತ್ತದೆ.

ಆದುದರಿಂದ ಕರಾರಿಗೆ ಸಹಿ ಹಾಕುವ ಮುನ್ನ ಉದ್ಯಮಿಯು ಮೂರು ವಿಷಯಗಳನ್ನು ವಿಚಾರಿಸುವುದು ಯುಕ್ತ: ದಾಖಲೆಗಳು ಯಾವ ಊರಿನಲ್ಲಿರುವುವು? ಅವುಗಳ ಪ್ರತಿ ಮತ್ತೊಂದು ಊರಿನಲ್ಲಿರುವುದೆ? ಸೇವೆಯನ್ನು ಬಿಡುವಾಗ ಅವುಗಳನ್ನು ಹಿಂಪಡೆಯುವ ಬಗೆ ಹೇಗೆ? ಯಂತ್ರಗಳ ಪಾಲನೆ ಒದಗಿಸುವವರದು. ಲೆಕ್ಕಪತ್ರಗಳ ಹೊಣೆ ಎಂದಿಗೂ ಅವುಗಳ ಒಡೆಯನದೇ.